‘ಐ ವುಡ್ ಹ್ಯಾವ್ ಥಾಟ್’ ಅಂದರೆ ಅವರು ಒಪ್ಪಿದರು ಅಂತ ಅಲ್ಲ

ಪ್ರಶ್ನೆ: ನಾನು ಗದಗದ ಕಡೆಯವಳು. ಆರು ವರ್ಷದಿಂದ ಪುಣೆಯ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಕ್ಲೈಂಟ್ ಇಂಗ್ಲೆಂಡಿನವರು. ಟೆಸ್ಟಿಂಗಿಗೆ ಎರಡು ವಾರ ಕೊಟ್ಟಿದ್ದರು. ಕಾಲ್‌ನಲ್ಲಿ ನಾನು ‘ಟೂ ವೀಕ್ಸ್ ಈಸ್ ನಾಟ್ ಪಾಸಿಬಲ್, ಯು ಶುಡ್ ಗಿವ್ ಫೋರ್ ವೀಕ್ಸ್’ ಅಂದೆ. ಎಲ್ಲರೂ ಗಪ್‌ಚುಪ್. ಆಮೇಲೆ ಮ್ಯಾನೇಜರ್ ಕರೆದು ‘ಇಷ್ಟು ಖಡಕ್ ಬೇಡ, ವುಡ್ ಕುಡ್ ಹಾಕಿ ಮಾತಾಡಿ’ ಅಂದರು. ಮುಂದಿನ ಕಾಲ್‌ನಲ್ಲಿ ‘ಐ ವುಡ್ ಥಿಂಕ್ ದ ಪೇಮೆಂಟ್ ಪೇಜ್ ವುಡ್ ಫೇಲ್, ಇಟ್ ವುಡ್ ಬಿ ಬೆಟರ್ ಇಫ್ ವಿ ವುಡ್ ಗೆಟ್ ಫೋರ್ ವೀಕ್ಸ್’ ಅಂದೆ. ಅದಕ್ಕೆ ಕ್ಲೈಂಟ್ ‘ಐ ವುಡ್ ಹ್ಯಾವ್ ಥಾಟ್ ಟೂ ವೀಕ್ಸ್ ವಾಸ್ ಪ್ಲೆಂಟಿ’ ಅಂದರು. ಹಿಂದೆ ಹಾಗೆ ಅಂದುಕೊಂಡಿದ್ದರು, ಈಗ ಮನಸ್ಸು ಬದಲಾಯಿಸಿದ್ದಾರೆ ಅಂತ ತಿಳಿದು ‘ಥ್ಯಾಂಕ್ಯೂ’ ಅಂದುಬಿಟ್ಟೆ. ಮ್ಯಾನೇಜರ್ ತಲೆ ಮೇಲೆ ಕೈ ಇಟ್ಟುಕೊಂಡರು. ಅವರು ಹೇಳಿದ್ದಾದರೂ ಏನು? ನಾನು ಏನು ಹೇಳಬೇಕಿತ್ತು? ಮನಸ್ಸಿನಲ್ಲಿ ಇದ್ದದ್ದನ್ನು ನೇರ ಹೇಳೋಕೆ ಇವರಿಗೇನು ಕಷ್ಟ?

ಉತ್ತರ: ಮೊದಲು ಆ ‘ಥ್ಯಾಂಕ್ಯೂ’ ವಿಷಯ ಮುಗಿಸೋಣ. ನಿಮ್ಮ ಕ್ಲೈಂಟ್ ಮನಸ್ಸು ಬದಲಾಯಿಸಿರಲಿಲ್ಲ. ಅವರು ಹೇಳಿದ್ದು ಇಷ್ಟು: ‘ಎರಡು ವಾರ ಧಾರಾಳ ಆಯ್ತಲ್ಲ, ಇನ್ನೂ ಯಾಕೆ ಬೇಕು?’ ಬರೀ ‘ಐ ಥಾಟ್’ ಅಂದಿದ್ದರೆ ನೀವು ತಿಳಿದದ್ದು ಸರಿ ಇರಬಹುದಿತ್ತು. ನಡುವೆ ‘ವುಡ್ ಹ್ಯಾವ್’ ಸೇರಿದ ಕೂಡಲೇ ಮಾತು ಈಗಿನದಾಯಿತು. ‘ನನಗೆ ಹೀಗೆ ಅನಿಸುತ್ತದೆ, ನಿಮಗೆ ಯಾಕೆ ಅನಿಸುತ್ತಿಲ್ಲ ಅನ್ನೋದೇ ಆಶ್ಚರ್ಯ’ ಅನ್ನುವ ಧಾಟಿ ಅದು. ಇಂಗ್ಲೆಂಡಿನವರು ಈ ಮಾತು ಆಡಿದರೆ ಬಹುಪಾಲು ಅದೊಂದು ಆಕ್ಷೇಪ, ದನಿ ಮಾತ್ರ ಮೆತ್ತಗೆ. ನಿಮ್ಮ ಥ್ಯಾಂಕ್ಯೂ ಅವರಿಗೆ ‘ಸರಿ ಸರ್, ಎರಡೇ ವಾರದಲ್ಲಿ ಮುಗಿಸ್ತೀವಿ’ ಅಂತ ಕೇಳಿಸಿರುತ್ತದೆ.

ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮೊಬ್ಬರ ಕಥೆಯಲ್ಲ ಇದು. ನನ್ನ ಹತ್ತಿರ ಇಂಗ್ಲಿಷ್ ಕಲಿತ ಕಾರವಾರದ ಹುಡುಗನೊಬ್ಬ ಗೋವಾದ ಕಲಂಗೂಟ್‌ನಲ್ಲಿ ಹೋಟೆಲ್ ರಿಸೆಪ್ಷನ್‌ನಲ್ಲಿದ್ದ. ಮಧ್ಯಾಹ್ನ ಎರಡು ಗಂಟೆಗೆ ಒಬ್ಬ ಬ್ರಿಟಿಷ್ ಗಿರಾಕಿ ಬ್ಯಾಗ್ ಕೆಳಗಿಟ್ಟು ‘ಐ ವುಡ್ ಹ್ಯಾವ್ ಥಾಟ್ ದ ರೂಮ್ ವುಡ್ ಬಿ ರೆಡಿ ಬೈ ನೌ’ ಅಂದರಂತೆ. ಇವನು ನಗುತ್ತಾ ‘ಯೆಸ್ ಸರ್, ಐ ಆಲ್ಸೋ ಥಾಟ್’ ಅಂದ! ಪುಣ್ಯಕ್ಕೆ ಆ ಮನುಷ್ಯ ನಕ್ಕುಬಿಟ್ಟರು.

ನನ್ನ ಪಾಲಿಗೆ ನಗುವವರು ಯಾರೂ ಇರಲಿಲ್ಲ. ಅದನ್ನೂ ಹೇಳಿಬಿಡುತ್ತೇನೆ. ತೊಂಬತ್ತರ ದಶಕದ ಶುರು. ಊರಿನಿಂದ ಮುಂಬೈಗೆ ಬಂದು ವರ್ಷ ಆಗಿತ್ತು. ಬಲಾರ್ಡ್ ಎಸ್ಟೇಟ್‌ನಲ್ಲಿ ಒಂದು ಕ್ಲಿಯರಿಂಗ್ ಆ್ಯಂಡ್ ಫಾರ್ವರ್ಡಿಂಗ್ ಆಫೀಸು, ಅಂದರೆ ಬಂದರಿನಿಂದ ಸರಕು ಬಿಡಿಸಿ ಕಳಿಸುವವರದು, ನಾನು ಅಲ್ಲಿ ಟೈಪಿಸ್ಟ್ ಕಮ್ ಕ್ಲರ್ಕ್. ಲಂಡನ್ನಿನ ಒಂದು ಪಾರ್ಟಿ ಕಾಗದಪತ್ರ ತಡವಾಗಿ ಕಳಿಸಿ, ಸರಕು ತಡವಾಗಿ ಬಿಡಿಸಿದ್ದಕ್ಕೆ ಬೀಳುವ ದಂಡ, ಡೆಮರೇಜ್, ಅದನ್ನು ನಮ್ಮ ತಲೆಗೆ ಕಟ್ಟಿತ್ತು. ನನಗೆ ಸಿಟ್ಟು ಬಂದು ಒಂದು ಪತ್ರ ಟೈಪ್ ಮಾಡಿದೆ. ತಪ್ಪು ಪೂರ್ತಿ ನಿಮ್ಮದೇ, ಹಣ ನೀವೇ ಕೊಡಬೇಕು ಅಂತ. ಕಾರ್ಬನ್ ಇಟ್ಟು ಮೂರು ಪ್ರತಿ ತೆಗೆದು ಸಾಹೇಬರ ಮೇಜಿನ ಮೇಲಿಟ್ಟೆ. ಸಾಹೇಬರು ವಯಸ್ಸಾದ ಪಾರ್ಸಿ. ಕನ್ನಡಕ ಹಣೆಗೆ ಏರಿಸಿ ಓದಿದರು. ಸಹಿ ಹಾಕಿದರು. ಪತ್ರ ನನ್ನ ಕಡೆ ತಳ್ಳಿ, ಚಹಾದ ಗ್ಲಾಸ್ ಎತ್ತುತ್ತಾ ‘ಐ ವುಡ್‌ನ್ಟ್ ಸೆಂಡ್ ದಿಸ್ ಟುಡೇ’ ಅಂದರು.

ನಾನು ಏನು ತಿಳಿದೆ ಗೊತ್ತಾ? ಅವರಾಗಿದ್ದರೆ ಕಳಿಸುತ್ತಿರಲಿಲ್ಲ. ಆದರೆ ಕಳಿಸೋನು ನಾನು. ಸಹಿ ಬೇರೆ ಹಾಕಿದ್ದಾರೆ. ಅಂದರೆ ನನಗೇ ಬಿಟ್ಟಿದ್ದಾರೆ! ಟಪಾಲ್ ಬುಕ್ಕಿನಲ್ಲಿ ಬರೆದು, ಪ್ಯೂನ್ ಹೋಗಿಬಿಟ್ಟಿದ್ದ ಅಂತ, ನಾನೇ ವಿಟಿ ಸ್ಟೇಷನ್ ಪಕ್ಕದ ದೊಡ್ಡ ಪೋಸ್ಟ್ ಆಫೀಸು ಜಿಪಿಒಗೆ ನಡೆದುಹೋಗಿ ಹಾಕಿ ಬಂದೆ. ಮಾರನೇ ದಿನ ಸಾಹೇಬರು ಆ ಪತ್ರ ಕೇಳಿದರು. ರಾತ್ರಿ ಅವರಿಗೆ ಲಂಡನ್ನಿಂದ ಫೋನ್ ಬಂದಿತ್ತು, ಹಣ ಕೊಡೋಕೆ ಅವರು ಆಗಲೇ ಒಪ್ಪಿದ್ದರು. ‘ಕಳಿಸಿದೆ ಸರ್’ ಅಂದೆ. ಸಾಹೇಬರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ ‘ಐ ಡಿಡ್ ಟೆಲ್ ಯು’ ಅಂದರು. ಅಷ್ಟೇ. ಬೈದಿದ್ದರೆ ಹಗುರ ಆಗುತ್ತಿತ್ತು.

ಹೇಳಿದ್ದರು, ನಿಜ. ಕಳಿಸಬೇಡ ಅಂತಲೇ ಹೇಳಿದ್ದರು. ನನ್ನ ಕಿವಿಗೆ ಬಿದ್ದದ್ದು ಅರ್ಧ ವಾಕ್ಯ. ಬಾಯಿಬಿಟ್ಟು ಆಡದ ಇನ್ನರ್ಧ ‘ಇಫ್ ಐ ವರ್ ಯು’, ‘ನಿನ್ನ ಜಾಗದಲ್ಲಿ ನಾನು ಇದ್ದಿದ್ದರೆ’. ಇಂಗ್ಲಿಷಿನಲ್ಲಿ ಅಭಿಪ್ರಾಯ ಹೇಳುವಾಗ ಬರುವ ವುಡ್‌ಗಳ ಹಿಂದೆ ಹುಡುಕಿದರೆ ಇಂಥ ಒಂದು ‘ಆದರೆ’, ಅಂದರೆ ‘ಹೀಗಾದರೆ’ ಅನ್ನುವ ಷರತ್ತು, ಅಡಗಿ ಕೂತಿರುತ್ತದೆ. ‘ಐ ವುಡ್ ಸೇ’ ಅಂದರೆ ‘ನನ್ನನ್ನು ಕೇಳಿದರೆ ಹೇಳುತ್ತೇನೆ’. ‘ಐ ವುಡ್ ಥಿಂಕ್’ ಅಂದರೆ ‘ಊಹೆ ಮಾಡು ಅಂದರೆ ಹೀಗೆ ಅಂತೇನೆ’. ಆ ‘ಆದರೆ’ ಎದುರಿನವರಿಗೆ ಒಂದು ಬಾಗಿಲು ಬಿಡುತ್ತದೆ. ನಿಮ್ಮನ್ನು ಕೇಳಿಲ್ಲ ಅನ್ನೋ ಹಕ್ಕು ಅವರಿಗೆ ಉಳಿಯುತ್ತದೆ. ನಿಮ್ಮ ಮೂರನೇ ಪ್ರಶ್ನೆಗೆ ನನ್ನ ಉತ್ತರ ಇದೇ. ಅವರಿಗೆ ನೇರ ಹೇಳೋಕೆ ಕಷ್ಟ ಅಂತಲ್ಲ. ಹೇಳುತ್ತಲೇ ಇದ್ದಾರೆ, ಬಾಗಿಲು ತೆರೆದಿಟ್ಟು ಹೇಳುತ್ತಿದ್ದಾರೆ.

ಇದು ನಮಗೆ ಹೊಸದು ಅಂತ ಮಾತ್ರ ದಯವಿಟ್ಟು ತಿಳಿಯಬೇಡಿ. ಫೋನ್ ಎತ್ತಿದಾಗ ಗುರುತು ಸಿಗದಿದ್ದರೆ ನೀವು ಏನು ಕೇಳುತ್ತೀರಿ? ‘ಯಾರು ಬೇಕಿತ್ತು?’ ಬೇಕು ಅಂತ ಫೋನ್ ಮಾಡಿದವರು ಈಗ ಲೈನಿನಲ್ಲೇ ಇದ್ದಾರೆ, ಆದರೂ ‘ಬೇಕಿತ್ತು’. ಸಾಹೇಬರ ಬಾಗಿಲಲ್ಲಿ ನಿಂತು ‘ಸ್ವಲ್ಪ ಮಾತಾಡಬೇಕಿತ್ತು ಸರ್’ ಅನ್ನುತ್ತೀರಿ. ಮಾತಾಡಬೇಕಾದದ್ದು ಈಗ. ‘ಮಾತಾಡಬೇಕು’ ಅಂದರೆ ಯಾಕೋ ಜಗಳಕ್ಕೆ ಬಂದ ಹಾಗೆ ಕೇಳುತ್ತದೆ, ಅಲ್ವಾ? ಪುಣೆಯ ಅಂಗಡಿಯಲ್ಲಿ ದಿನಾ ಕೇಳಿರುತ್ತೀರಿ, ‘ಕಾಯ್ ಹವಂ ಹೋತಂ?’ ಅದೂ ‘ಏನು ಬೇಕಿತ್ತು’ ಅನ್ನೋದೇ. ಮುಂಬೈ ಲೋಕಲ್‌ನಲ್ಲಿ ಪಕ್ಕದವರು ‘ಏಕ್ ಬಾತ್ ಪೂಛನೀ ಥೀ’ ಅನ್ನುತ್ತಾರೆ. ಕನ್ನಡ, ಮರಾಠಿ, ಹಿಂದಿ ಮೂರೂ ಇಲ್ಲಿ ಒಂದೇ ಉಪಾಯ ಮಾಡುತ್ತವೆ. ಇವತ್ತಿನ ಆಸೆಯನ್ನು ನಿನ್ನೆಗೆ ತಳ್ಳಿ, ಕೇಳುವವರಿಂದ ಒಂದು ಮಾರು ದೂರ ಇಡುತ್ತವೆ.

ಇಂಗ್ಲಿಷ್ ಮಾಡಿದ್ದೂ ಇದನ್ನೇ. ವುಡ್, ಕುಡ್, ಮೈಟ್ ಮೂರೂ ಹುಟ್ಟಿದ್ದು ವಿಲ್, ಕ್ಯಾನ್, ಮೇಗಳ ಭೂತಕಾಲವಾಗಿ. ಅದರಲ್ಲೂ ವಿಲ್ ಕಥೆ ನನಗೆ ಬಹಳ ಇಷ್ಟ. ಹಳೆಯ ಇಂಗ್ಲಿಷಿನಲ್ಲಿ ಅದು ‘ವಿಲ್ಲನ್’, ಅರ್ಥ ‘ಬೇಕು ಅನ್ನಿಸು, ಬಯಸು’. ಅದರ ಭೂತಕಾಲ ‘ವೋಲ್ಡೆ’. ಅಂದರೆ ವುಡ್ ಅನ್ನೋದು ಹುಟ್ಟಿನಲ್ಲಿ ನಮ್ಮ ‘ಬೇಕಿತ್ತು’! ತರಗತಿಯಲ್ಲಿ ಇದನ್ನು ಹೇಳಿದಾಗ ಹುಬ್ಬಳ್ಳಿ, ಗದಗದ ಮಕ್ಕಳ ಮುಖದ ಮೇಲಿನ ಗಂಟು ಸಡಿಲ ಆಗೋದನ್ನು ನೋಡಿದ್ದೇನೆ.

ಇನ್ನೊಂದು ಇದೆ. ಶಾಲೆಯಲ್ಲಿ ‘ಇಫ್ ಐ ಹ್ಯಾಡ್ ಮನಿ’ ವಾಕ್ಯ ಓದಿ ನೀವೂ ಗೊಣಗಿರಬಹುದು, ಇವತ್ತಿನ ಹಣಕ್ಕೆ ಹ್ಯಾಡ್ ಯಾಕೆ ಅಂತ. ಈಗ ನಿಮ್ಮದೇ ಮಾತು ನೋಡಿ. ‘ನಾಳಿ ಮಳಿ ಬಂದ್ರ ಬರೂದಿಲ್ಲ’ ಅನ್ನುತ್ತೀರಿ. ಮಳೆ ನಾಳೆ, ಬಂದದ್ದು ಮಾತ್ರ ಭೂತಕಾಲದಲ್ಲಿ. ಬಂದ, ಹೋದ, ಮಾಡಿದ ಅನ್ನುವ ರೂಪಕ್ಕೇ ‘ಅರೆ’ ಸೇರಿಸಿ ಬಂದರೆ, ಹೋದರೆ, ಮಾಡಿದರೆ ಅಂತ ಮಾಡಿಕೊಂಡಿದ್ದೇವೆ. ಮರಾಠಿಯವರ ‘ಉದ್ಯಾ ಪಾವುಸ್ ಆಲಾ ತರ್’ ಕೂಡ ಹಾಗೇ. ಇನ್ನೂ ದೂರ ತಳ್ಳಬೇಕಾದರೆ ‘ಹೇಳಿದ್ದರೆ ಬರುತ್ತಿದ್ದೆ’. ಇದಕ್ಕಿಂತ ಸೊಗಸಾದ ‘ವುಡ್ ಹ್ಯಾವ್’ ಯಾವ ಭಾಷೆಯಲ್ಲಿದೆ? ಒಂದೇ ವ್ಯತ್ಯಾಸ. ನಿಜವಾಗಿ ಆಗಬಹುದಾದದ್ದಕ್ಕೂ, ಸುಮ್ನೆ ಕಲ್ಪನೆಗೂ ನಾವು ‘ಬಂದರೆ’ ಒಂದನ್ನೇ ಓಡಿಸುತ್ತೇವೆ. ಇಂಗ್ಲಿಷ್ ಎರಡನ್ನೂ ಬೇರೆ ಮಾಡುತ್ತದೆ.

ಎಷ್ಟು ಬೇರೆ ಅನ್ನೋದಕ್ಕೆ ನೀವಿರುವ ಊರಿನ ಪುಣೇರಿ ಪಾಟಿಯೇ, ಆ ಖಡಕ್ ಬೋರ್ಡುಗಳೇ ಸಾಕು. ಗೇಟಿನ ಮೇಲೆ ಬರೆದಿರುತ್ತಾರಲ್ಲ, ಇಲ್ಲಿ ಗಾಡಿ ನಿಲ್ಲಿಸಿದರೆ ಗಾಳಿ ಬಿಡಲಾಗುವುದು ಅಂತ. ‘ಇಫ್ ಯು ಪಾರ್ಕ್ ಹಿಯರ್, ವಿ ವಿಲ್ ಲೆಟ್ ದ ಏರ್ ಔಟ್’. ಓದಿದವರು ಗಾಡಿ ತೆಗೆಯುತ್ತಾರೆ. ಅದನ್ನೇ ‘ಇಫ್ ಯು ಪಾರ್ಕ್ಡ್ ಹಿಯರ್, ವಿ ವುಡ್ ಲೆಟ್ ದ ಏರ್ ಔಟ್’ ಅಂತ ಬರೆಯಿರಿ. ಗಾಳಿ ಹೋಗೋದು ಟೈರಿನದಲ್ಲ, ಬೆದರಿಕೆಯದು. ‘ಹಾಗೇನಾದರೂ ನೀವು ನಿಲ್ಲಿಸಿದಿರಿ ಅಂತಿಟ್ಟುಕೊಳ್ಳಿ, ಆಗ ನಾವು…’ ಅನ್ನುವಷ್ಟು ದೂರದ ಮಾತಾಗುತ್ತದೆ. ಪುಣೆಯ ಸದಾಶಿವ ಪೇಠೆಯಲ್ಲಿ ಯಾರೂ ಅಂಥ ಪಾಟಿ ಹಾಕಲಾರರು ಬಿಡಿ.

ಬೆದರಿಕೆಯಿಂದ ಗಾಳಿ ತೆಗೆಯುವ ಈ ಗುಣವೇ ಅಭಿಪ್ರಾಯ ಹೇಳುವಾಗ ಉಪಯೋಗಕ್ಕೆ ಬರುತ್ತದೆ. ಯಾಕೆ ಬೇಕು ಅಂದರೆ, ಅಭಿಪ್ರಾಯ ಹೇಳೋದು ಸಣ್ಣ ಮಟ್ಟದ ದಾಳಿಯೇ. ‘ಈ ತಾರೀಖು ಆಗಲ್ಲ’ ಅಂದರೆ ‘ತಾರೀಖು ಇಟ್ಟವರು ದಡ್ಡರು’ ಅಂತಲೂ ಕೇಳಿಸಬಹುದು. ಪೆನೆಲೊಪ್ ಬ್ರೌನ್, ಸ್ಟೀಫನ್ ಲೆವಿನ್ಸನ್ ಅನ್ನುವ ಇಬ್ಬರು ವಿದ್ವಾಂಸರು 1978ರಲ್ಲಿ ಇದರ ಬಗ್ಗೆ ದೊಡ್ಡ ವಿವರಣೆ ಕೊಟ್ಟರು. ಅವರ ಮಾತಿನ ಮುಖ್ಯ ಪದ ‘ಮುಖ’. ಎಲ್ಲರಿಗೂ ಉಳಿಸಿಕೊಳ್ಳಬೇಕಾದ ಒಂದು ಮುಖ ಇರುತ್ತದೆ, ವಿನಯ ಅನ್ನೋದು ಅದಕ್ಕೆ ಪೆಟ್ಟಾಗದ ಹಾಗೆ ಕೆಲಸ ಮಾಡಿಸಿಕೊಳ್ಳುವ ದಾರಿ ಅಂತ. ಅವರು ಹೋಲಿಸಿ ನೋಡಿದ ಮೂರು ಭಾಷೆಗಳಲ್ಲಿ ಇಂಗ್ಲಿಷ್ ಒಂದು, ಮೆಕ್ಸಿಕೋದ ಟ್ಸೆಲ್ಟಾಲ್ ಇನ್ನೊಂದು, ಮೂರನೆಯದು ನಮ್ಮ ನೆರೆಯ ತಮಿಳು. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಮುಖಭಂಗ, ಮುಖ ಮುರಿದ ಹಾಗೆ ಮಾತಾಡೋದು, ಮುಖ ನೋಡಿ ಸುಮ್ಮನಾಗೋದು, ಎಲ್ಲ ನಮ್ಮ ದಿನದ ಮಾತೇ.

ಹಾಗಾದರೆ ನೀವು ಯಾಕೆ ಖಡಕ್ ಆಗಿ ಕೇಳಿಸಿದಿರಿ? ಗದಗದಲ್ಲಿ ಇದೇ ಮಾತನ್ನು ‘ಎರಡ್ ವಾರದಾಗ ಆಗಂಗಿಲ್ರಿ ಸರ, ನಾಕ್ ವಾರ ಕೊಡ್ರಿ’ ಅಂದಿದ್ದರೆ ಯಾರೂ ಹುಬ್ಬು ಏರಿಸುತ್ತಿರಲಿಲ್ಲ. ಮಾತು ಅಷ್ಟೇ ನೇರ. ಆದರೆ ಆ ‘ರಿ’ ಇದೆಯಲ್ಲ, ಅದು ಎರಡೂ ಕಡೆ ನಿಂತು ಕೈ ಮುಗಿಯುತ್ತದೆ. ನಮ್ಮಲ್ಲಿ ಮರ್ಯಾದೆ ಪದದ ಬಾಲದಲ್ಲಿದೆ. ನೀನು, ನೀವು, ತಾವು ಅಂತ ಮೂರು ಮೆಟ್ಟಿಲು ಬೇರೆ. ಮರಾಠಿಯಲ್ಲೂ ತೂ, ತುಮ್ಹಿ, ಆಪಣ್ ಇವೆ. ಇಂಗ್ಲಿಷಿನಲ್ಲಿ ಹಿಂದೆ ‘ದೌ’ ಅಂತ ಒಂದು ನೀನು ಇತ್ತು, ಅದು ಎಂದೋ ಸವೆದುಹೋಗಿ ಎಲ್ಲರೂ ‘ಯು’ ಆದರು. ಕ್ಲೈಂಟೂ ಯು, ನಾಯಿಯೂ ಯು. ಬಾಲದಲ್ಲಿ ಜಾಗ ಇಲ್ಲ ಅಂತ ಅವರು ಮರ್ಯಾದೆಯನ್ನು ಕ್ರಿಯಾಪದದ ಕಾಲದೊಳಗೆ ಇಟ್ಟರು. ನಿಮ್ಮ ‘ರಿ’ ವಿಮಾನ ಹತ್ತಲಿಲ್ಲ. ‘ಕೊಡ್ರಿ’ ಹೋಗಿ ‘ಯು ಶುಡ್ ಗಿವ್’ ಆಯಿತು. ನಮ್ಮ ‘ಬೇಕು’ಗೆ ಶುಡ್ ಹಾಕಿದಾಗೆಲ್ಲ ಹೀಗೆ ಆಗುತ್ತದೆ. ದೊಡ್ಡವರು ಚಿಕ್ಕವರಿಗೆ ಬುದ್ಧಿ ಹೇಳಿದ ಹಾಗೆ.

ಇಷ್ಟಾದ ಮೇಲೆ ನಿಮ್ಮ ಎರಡನೇ ಕಾಲ್‌ಗೆ ಬರೋಣ. ಮೊದಲನೆಯದಕ್ಕಿಂತ ಅದೇ ಹೆಚ್ಚು ಕೆಟ್ಟದ್ದು. ಬೈಯುತ್ತಿದ್ದೇನೆ ಅಂತ ಅಂದುಕೊಳ್ಳಬೇಡಿ, ಮೊದಲನೇ ಸಲ ಕಡ್ಡಿ ಮುರಿದ ಹಾಗೆ ಹೇಳಿದ್ದಿರಿ, ಸತ್ಯ ಅಂತೂ ತಲುಪಿತ್ತು. ಎರಡನೇ ಸಲ ಅಡ್ಡಗೋಡೆ ಮೇಲೆ ದೀಪ ಇಟ್ಟಿರಿ.

‘ಐ ವುಡ್ ಥಿಂಕ್ ದ ಪೇಮೆಂಟ್ ಪೇಜ್ ವುಡ್ ಫೇಲ್’ ಅಂದಿರಿ. ಪೇಜ್ ಫೇಲ್ ಆಗೋದನ್ನು ನೀವು ಕಣ್ಣಾರೆ ನೋಡಿದ್ದೀರಾ? ಟೆಸ್ಟರ್ ನೀವು, ನೋಡಿಯೇ ಇರುತ್ತೀರಿ. ನೋಡಿದ್ದನ್ನು ‘ಐ ವುಡ್ ಥಿಂಕ್’ ಅಂತ ಹೇಳಿದರೆ ಕೇಳುವವರಿಗೆ ಅದು ‘ನೋಡಿಲ್ಲ, ಸುಮ್ನೆ ಊಹೆ’ ಅಂತ ಆಗುತ್ತದೆ. ‘ಐ ಥಿಂಕ್’ ಅಂದರೂ ನಿಮ್ಮ ಅಭಿಪ್ರಾಯ ಅಂತ ಆಗುತ್ತಿತ್ತು. ‘ಐ ವುಡ್ ಥಿಂಕ್’ ಅದಕ್ಕಿಂತ ಒಂದು ಹೆಜ್ಜೆ ಹಿಂದೆ. ಆಫೀಸ್ ಎಷ್ಟು ಗಂಟೆಗೆ ತೆರೆಯುತ್ತದೆ ಅಂತ ಯಾರಾದರೂ ಕೇಳಿದಾಗ, ಸರಿಯಾಗಿ ಗೊತ್ತಿಲ್ಲದಿದ್ದರೆ ಬಳಸುವ ಮಾತು ಅದು, ‘ಟೆನ್, ಐ ವುಡ್ ಥಿಂಕ್’. ನಿಮ್ಮ ಕ್ಲೈಂಟ್ ಎರಡು ವಾರ ಸಾಕು ಅಂದದ್ದರಲ್ಲಿ ಅವರ ತಪ್ಪೇನೂ ಇಲ್ಲ. ಸಾಕ್ಷಿಯನ್ನು ನೀವೇ ಊಹೆ ಮಾಡಿಕೊಟ್ಟಿರಿ.

ಆದ್ದರಿಂದ ನಾನು ಎಲ್ಲರಿಗೂ ಹೇಳೋದು: ಕಂಡದ್ದನ್ನು ಕಂಡ ಹಾಗೆ ಹೇಳಿ, ವುಡ್ ಬೇಡ. ‘ದ ಪೇಮೆಂಟ್ ಪೇಜ್ ಫೇಲ್ಡ್ ತ್ರೀ ಟೈಮ್ಸ್ ಯೆಸ್ಟರ್‌ಡೇ.’ ಇದರಲ್ಲಿ ಯಾರ ಮುಖವೂ ಮುರಿಯೋದಿಲ್ಲ. ಮುರಿದದ್ದು ಪೇಜ್ ಮಾತ್ರ. ಮುಂದೆ ಏನು ಮಾಡೋದು ಅನ್ನುವ ಸಲಹೆ ಬಂತಲ್ಲ, ಅಲ್ಲಿ ಎದುರಿನವರ ಅಧಿಕಾರಕ್ಕೆ ಕೈ ಹಾಕುತ್ತಿದ್ದೀರಿ. ಅಲ್ಲಿಗೆ ಒಂದು ವುಡ್. ‘ಐ ವುಡ್ ಸಜೆಸ್ಟ್ ಫೋರ್ ವೀಕ್ಸ್’ ಅಥವಾ ನನಗೆ ಹೆಚ್ಚು ಇಷ್ಟವಾದದ್ದು, ‘ಐ ವುಡ್ ಬಿ ಹ್ಯಾಪಿಯರ್ ವಿತ್ ಫೋರ್ ವೀಕ್ಸ್’. ನಾಲ್ಕು ವಾರ ಕೊಟ್ಟರೆ ನನ್ನ ಜೀವಕ್ಕೆ ಸಮಾಧಾನ ಅನ್ನುವ ಧಾಟಿ. ಯಾರಿಗೂ ಆಜ್ಞೆ ಇಲ್ಲ, ಆದರೆ ಬೇಕಾದದ್ದು ಸ್ಪಷ್ಟ ಇದೆ. ಅಂದ ಹಾಗೆ ‘ಸಜೆಸ್ಟ್ ಯು ಟು’ ಅಂತ ನಾವೆಲ್ಲ ಹೇಳುತ್ತೇವೆ, ಅದನ್ನು ಬಿಟ್ಟುಬಿಡಿ.

ಒಂದು ವುಡ್ ಅಂದೆ. ನೀವು ಎರಡು ವಾಕ್ಯದಲ್ಲಿ ನಾಲ್ಕು ಹಾಕಿದ್ದೀರಿ. ಅದರಲ್ಲಿ ‘ಇಫ್ ವಿ ವುಡ್ ಗೆಟ್’ ಅನ್ನೋದು ತಪ್ಪೇ. ‘ಇಫ್’ ಇರುವ ಕಡೆ ಭೂತಕಾಲ ಸಾಕು, ‘ಇಫ್ ವಿ ಗಾಟ್’. ನಮ್ಮ ‘ಸಿಕ್ಕಿದರೆ’ ನೆನಪಿಟ್ಟುಕೊಳ್ಳಿ, ಅದರೊಳಗೇ ‘ಸಿಕ್ಕಿದ’ ಇದೆ. ಆದರೆ ಎದುರಿನವರ ಮನಸ್ಸಿಗೆ ಬಿಟ್ಟ ವಿಷಯವಾದರೆ ಇಫ್ ಜೊತೆಗೂ ವುಡ್ ಬರುತ್ತದೆ, ಬ್ಯಾಂಕಿನವರು ‘ಇಫ್ ಯು ವುಡ್ ಸೈನ್ ಹಿಯರ್’ ಅನ್ನುತ್ತಾರಲ್ಲ, ಹಾಗೆ. ಅದು ಬೇರೆ, ಈಗ ತಲೆ ಕೆಡಿಸಿಕೊಳ್ಳಬೇಡಿ.

ನಮ್ಮವರ ಇನ್ನೊಂದು ಅಭ್ಯಾಸ ಹೇಳಲೇಬೇಕು. ವುಡ್ ಅಂದರೆ ಜಾಸ್ತಿ ಮರ್ಯಾದೆ ಅಂತ ತಿಳಿದು ಗಟ್ಟಿ ಸುದ್ದಿಗೂ ಅದನ್ನೇ ಹಾಕುತ್ತೇವೆ. ‘ದ ಮೀಟಿಂಗ್ ವುಡ್ ಬಿ ಹೆಲ್ಡ್ ಅಟ್ ಟೆನ್.’ ಮುಂಬೈ, ಪುಣೆಯ ಸೊಸೈಟಿಗಳ ನೋಟಿಸ್ ಬೋರ್ಡ್ ನೋಡಿ, ನೀರು ನಿಲ್ಲುವುದೂ ವುಡ್, ಲಿಫ್ಟ್ ರಿಪೇರಿಯೂ ವುಡ್. ನಮಗೆ ನಮಗೆ ಅರ್ಥವಾಗುತ್ತದೆ, ಹಾಗಾಗಿ ಭಾರತದ ಇಂಗ್ಲಿಷಿನ ರೂಢಿ ಅಂತ ಬಿಡಬಹುದು. ಆದರೆ ಇಂಗ್ಲೆಂಡಿನವರ ಕಿವಿ ತಕ್ಷಣ ‘ವುಡ್ ಬಿ… ಆದರೆ?’ ಅಂತ ಕಾಯುತ್ತದೆ. ‘ವಿ ವುಡ್ ಡೆಲಿವರ್ ಆನ್ ಫ್ರೈಡೇ’ ಅಂದರೆ ‘ಕೊಡುತ್ತಿದ್ದೆವು, ಏನೋ ಅಡ್ಡಿ ಇದೆ’ ಅಂತಲೇ ಅವರಿಗೆ ಅನುಮಾನ. ಕೊಡುವುದು ಖಾತ್ರಿ ಇದ್ದರೆ ‘ವಿಲ್’. ‘ಕುಡ್’ ಕೂಡ ಹಾಗೇ. ನಿನ್ನೆ ಕೆಲಸ ಮುಗಿಸಿದ್ದರೆ ‘ವಿ ಕುಡ್ ಫಿನಿಶ್ ಇಟ್’ ಅನ್ನಬೇಡಿ. ‘ಮುಗಿಸಬಹುದೇನೋ’ ಅಂತ ಆಗುತ್ತದೆ. ‘ವಿ ಫಿನಿಶ್ಡ್ ಇಟ್’ ಸಾಕು.

ಇನ್ನು ‘ಯು ಹ್ಯಾಡ್ ಬೆಟರ್’. ಬಾಯಲ್ಲಿ ಅದು ‘ಯೂಡ್ ಬೆಟರ್’ ಆಗುತ್ತದೆ, ‘ಇಟ್ ವುಡ್ ಬಿ ಬೆಟರ್’ನ ತಮ್ಮನ ಹಾಗೆ ಕೇಳುತ್ತದೆ. ತಮ್ಮ ಅಲ್ಲ, ಬೇರೆ ಮನೆಯ ಪೈಲ್ವಾನ. ‘ಯೂಡ್ ಬೆಟರ್ ಚೆಕ್ ದ ಡೇಟ್’ ಅಂದರೆ ‘ನೋಡಿಕೊಳ್ಳಿ, ಇಲ್ಲದಿದ್ದರೆ ಪರಿಣಾಮ ನೆಟ್ಟಗಿರಲ್ಲ’. ನನ್ನ ತರಗತಿಯ ಒಬ್ಬರು ಇದನ್ನು ವಿನಯ ಅಂತಲೇ ತಿಳಿದು ವರ್ಷಗಟ್ಟಲೆ ತಮ್ಮ ಮೇಲಧಿಕಾರಿಗೆ ಬರೆಯುತ್ತಿದ್ದರು. ಮೇಲಧಿಕಾರಿ ಮಲಯಾಳಿ, ಅವರೂ ವಿನಯ ಅಂತಲೇ ಓದಿಕೊಂಡರೇನೋ, ಬಚಾವ್.

ಆಡುವುದಕ್ಕಿಂತ ಕೇಳಿಸಿಕೊಳ್ಳೋದು ಕಷ್ಟ. ಕಾಲ್‌ನಲ್ಲಿ ಅವರು ವುಡ್ ಅನ್ನು ಪೂರ್ತಿ ಹೇಳೋದೇ ಅಪರೂಪ. ಐಡ್, ಯೂಡ್, ದೇಡ್. ಹಿಂದಿನ ಪದಕ್ಕೆ ಒಂದು ‘ಡ್’ ಅಂಟಿಸುತ್ತಾರೆ, ಮುಂದೆ ತಕಾರ ದಕಾರ ಬಂದರೆ ಅದೂ ಕರಗುತ್ತದೆ. ‘ಐಡ್ ಹ್ಯಾವ್ ಥಾಟ್’ ಅನ್ನೋದು ‘ಐಡವ್ ಥಾಟ್’ ಅಂತ ಓಡಿಹೋಗುತ್ತದೆ. ನೀವು ಮಾತಾಡುವಾಗಲೂ ವುಡ್ ಮೇಲೆ ಭಾರ ಹಾಕಬೇಡಿ. ‘ಐ ವುಡ್! ಸಜೆಸ್ಟ್’ ಅಂತ ಒತ್ತಿದರೆ ಇಟ್ಟ ವಿನಯ ಎಲ್ಲ ಸೋರಿಹೋಗುತ್ತದೆ. ‘ಐಡ್ ಸಜೆಸ್ಟ್’ ಅಂತ ಹಗುರ ಹೋಗಲಿ.

ಕೇಳಿಸಿದ ಮೇಲೆ ಅದರ ತೂಕ ತಿಳಿಯೋದು ಹೇಗೆ ಅಂದರೆ, ಪದ ನೋಡಬೇಡಿ, ಕನ್ನಡದಲ್ಲಿ ಯಾರು ಯಾವಾಗ ಹಾಗೆ ಹೇಳುತ್ತಾರೆ ಅಂತ ನೋಡಿ. ‘ಯು ಮೈಟ್ ವಾಂಟ್ ಟು ಚೆಕ್ ದಟ್’ ಅಂದರೆ ಪದಕ್ಕೆ ಪದ ಇಟ್ಟರೆ ‘ನಿಮಗೆ ನೋಡಬೇಕು ಅನಿಸಬಹುದೇನೋ’. ಅನಿಸಲಿ ಬಿಡಲಿ, ಅರ್ಥ ‘ಅಲ್ಲೊಂದು ತಪ್ಪಿದೆ, ನೋಡಿ’. ಅಜ್ಜಿ ಅಂಗಳದಿಂದ ‘ಬಿದ್ದೀಯಾ ಮಗಾ’ ಅಂದ ಹಾಗೆ. ಬೀಳುವ ಸಾಧ್ಯತೆಯ ಬಗ್ಗೆ ಅಜ್ಜಿ ಚರ್ಚೆ ಮಾಡುತ್ತಿಲ್ಲ, ಮರ ಇಳಿ ಅನ್ನುತ್ತಿದ್ದಾಳೆ. ಬಿದ್ದೀಯಾ, ಬಂದೀತು, ಆದೀತು, ಇವನ್ನು ಶಾಲೆಯಲ್ಲಿ ಸಂಭಾವನಾರ್ಥಕ ಅಂತ ಬಾಯಿಪಾಠ ಮಾಡಿಸಿದ್ದರು, ಮೈಟ್ ಅನ್ನೋದು ಅದೇ. ‘ಯು ಕುಡ್ ಹ್ಯಾವ್ ಟೋಲ್ಡ್ ಮಿ’ ಬಂದರೆ ನಮ್ಮ ‘ಒಂದು ಮಾತು ಹೇಳಬಹುದಿತ್ತಲ್ಲ’. ಅದರ ಹಿಂದೆ ಎಷ್ಟು ಸಿಟ್ಟಿದೆ ಅಂತ ಮದುವೆಗೆ ಕರೆಯೋಕೆ ಮರೆತವರಿಗೆ ಗೊತ್ತು. ‘ಐ ವುಡ್‌ನ್ಟ್ ಸೇ ದಟ್’ ಅಂದರೆ ಒಪ್ಪಲ್ಲ ಅಂತಲೇ. ‘ಐ ಶುಡ್ ಥಿಂಕ್ ಸೋ’ ಅಂತ ಹಳೆಯ ಕಾಲದವರು ಅಂದರೆ ‘ನಾನು ಹಾಗೆ ಯೋಚಿಸಬೇಕು’ ಅಂತಲ್ಲ, ‘ಹೌದೆಂದೇ ಅನಿಸುತ್ತದೆ’ ಅಂತ. ಅಲ್ಲಿ ಶುಡ್ ಕೆಲಸ ಮಾಡುತ್ತಿರೋದು ವುಡ್ ಜಾಗದಲ್ಲಿ.

ಎಲ್ಲ ಕ್ಲೈಂಟ್‌ಗಳಿಗೂ ಇದೇ ಅಳತೆ ಹಿಡಿಯಬೇಡಿ. ಡಚ್ಚರ ಜೊತೆ ಕೆಲಸ ಮಾಡುವ ನನ್ನ ವಿದ್ಯಾರ್ಥಿಗಳು ಹೇಳೋದೇ ಬೇರೆ, ಅಲ್ಲಿ ವುಡ್ ಜಾಸ್ತಿ ಆದರೆ ‘ಆಗುತ್ತೋ ಇಲ್ಲವೋ ಹೇಳಿ’ ಅಂತ ಕೇಳುತ್ತಾರಂತೆ. ನಿಮ್ಮವರು ಇಂಗ್ಲೆಂಡಿನವರು, ನಿಮಗೆ ಈ ಹದ ಬೇಕು.

ಇನ್ನು ಉಳಿದದ್ದು, ಆ ಥ್ಯಾಂಕ್ಯೂ ಬದಲು ಏನು ಹೇಳಬೇಕಿತ್ತು ಅನ್ನೋದು. ‘ಐ ವುಡ್ ಹ್ಯಾವ್ ಥಾಟ್ ಟೂ ವೀಕ್ಸ್ ವಾಸ್ ಪ್ಲೆಂಟಿ’ ಅಂದಾಗ ‘ನೋ’ ಅಂದರೆ ಮತ್ತೆ ಮೊದಲನೇ ಕಾಲ್ ಕಥೆ. ‘ಸಾರಿ’ ಅಂದರೆ ಎರಡು ವಾರ ಒಪ್ಪಿದ ಹಾಗೆ. ಅವರು ಒಂದು ‘ಆದರೆ’ಯನ್ನು ಬಚ್ಚಿಟ್ಟು ಮಾತಾಡಿದರಲ್ಲ, ಅದನ್ನೇ ಹೊರಗೆ ತೆಗೆದು ಅವರ ಕೈಗೆ ಕೊಡಿ: ‘ಇಟ್ ವುಡ್ ಬಿ, ಇಫ್ ದ ಪೇಮೆಂಟ್ ಪೇಜ್ ವರ್ ವರ್ಕಿಂಗ್.’ ಧಾರಾಳ ಆಗುತ್ತಿತ್ತು ಸರ್, ಆ ಪೇಜ್ ಕೆಲಸ ಮಾಡುತ್ತಿದ್ದಿದ್ದರೆ. ಹೌದು ಅಂದಹಾಗೂ ಆಯಿತು, ಇಲ್ಲ ಅಂದದ್ದೂ ತಲುಪಿತು. ಇಷ್ಟು ಹೇಳಿ ಸುಮ್ಮನಿರಿ. ಕಾಲ್‌ನಲ್ಲಿ ಎರಡು ಸೆಕೆಂಡ್ ಮೌನ ಬರುತ್ತದೆ. ಅದನ್ನು ತುಂಬೋಕೆ ಹೋಗಬೇಡಿ, ಎಷ್ಟು ವಾರ ಬೇಕು ಅಂತ ಅವರೇ ಕೇಳುತ್ತಾರೆ.